ಹವ್ಯಾಸವೇ ಪಾಠವಾಗಬಹುದು

ಹತ್ತು ವರ್ಷ ಜಾಹೀರಾತು ಕೆಲಸ ಮಾಡಿ, ಈಗ ಡಿಸೈನ್ ಮೇಷ್ಟ್ರಾಗೋಕೆ ತಡವಾಯ್ತಾ, ಚಂದವಾಗಿ ಅಕ್ಷರ ಬರೆಯೋ ಹುಚ್ಚು ಅಲ್ಲಿ ಉಪಯೋಗಕ್ಕೆ ಬರುತ್ತಾ ಅಂತ ಕೇಳಿದ್ದೀರಿ. ಖಂಡಿತ ಬರುತ್ತದೆ.

ಅಕ್ಷರ ವಿನ್ಯಾಸಕ ಆರ್.ಕೆ. ಜೋಶಿಯವರನ್ನೇ ನೋಡಿ. ಕೊಲ್ಹಾಪುರದಲ್ಲಿ ಹುಟ್ಟಿ, ಮುಂಬೈಯ ಜಾಹೀರಾತು ಕಂಪನಿಯಲ್ಲಿ ವರ್ಷಗಟ್ಟಲೆ ದುಡಿದವರು. 1983ರಲ್ಲಿ ಐಐಟಿ ಬಾಂಬೆಯ ಡಿಸೈನ್ ವಿಭಾಗಕ್ಕೆ ಪಾಠ ಮಾಡಲು ಬಂದಾಗ ಅವರಿಗೆ ನಲವತ್ತೈದು ದಾಟಿತ್ತು. ಅಕ್ಷರದ ಪ್ರೀತಿಯನ್ನೇ ತರಗತಿಗೆ ತಂದರು. ವಿಂಡೋಸ್‌ಗಾಗಿ ಮಾಡಿದ ನಮ್ಮ ಕನ್ನಡದ ತುಂಗಾ ಫಾಂಟ್ ಇದೆಯಲ್ವಾ, ಅದರ ಹಿಂದೆಯೂ ಅವರಿದ್ದಾರೆ.

ನಾನೂ ಹೀಗೇ ಬಂದವಳು. ಬಿದಿರಿನ ಕಡ್ಡಿಯ ತುದಿ ಓರೆಯಾಗಿ ಕೆತ್ತಿ, ಇಂಕಲ್ಲಿ ಅದ್ದಿ 'ಕ' ಬರೆಸುತ್ತೇನೆ. ತಲೆಕಟ್ಟು ಎಲ್ಲಿ ದಪ್ಪ, ಎಲ್ಲಿ ತೆಳು ಅಂತ ಮಕ್ಕಳ ಕೈಗೇ ಗೊತ್ತಾಗುತ್ತದೆ.

ಮೊದಲು ಅತಿಥಿ ಉಪನ್ಯಾಸಕರಾಗಿ ವಾರಕ್ಕೊಂದು ಕ್ಲಾಸ್ ತಗೊಳ್ಳಿ. ನಿಮ್ಮ ಹಳೇ ಸ್ಕೆಚ್ ಪುಸ್ತಕಗಳನ್ನು ಜೊತೆಗೆ ಒಯ್ಯಿರಿ.