ಇದು ಎಲ್ಲಿಯ ಗಾಳಿ?

ಧಾರವಾಡದ ಹಿರಿಯ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: "ಇಂಗ್ಲೆಂಡಿನ ಚರ್ಚು ಹೆಂಗಸೊಬ್ಬರನ್ನು ಆರ್ಚ್‌ಬಿಷಪ್ ಮಾಡಿತು. ಸಲಿಂಗಿ ಜೋಡಿಗಳಿಗೆ ಆಶೀರ್ವಾದವನ್ನೂ ಕೊಡುತ್ತಿದೆ. ನಮ್ಮಮ್ಮ ಮೂವತ್ತು ವರ್ಷ ಸಂಡೇಸ್ಕೂಲ್ ನಡೆಸಿದರು, ಎಂದೂ ಪದವಿ ಕೇಳಲಿಲ್ಲ. ಎರಡು ಸಾವಿರ ವರ್ಷದ ಸಂಪ್ರದಾಯವನ್ನು ಈ ಪರದೇಶದ ಗಾಳಿಗೆ ಬಿಟ್ಟುಕೊಡಬೇಕೆ?"

ಹಿರಿಯರೇ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅಕ್ಷರ ಮುತ್ತಿನಂತಿದೆ, ಮಾತಿನಲ್ಲಿ ಕಪಟವಿಲ್ಲ. ನಡೆದುಕೊಂಡು ಬಂದದ್ದನ್ನು ಒಂದೇ ಏಟಿಗೆ ಕಿತ್ತುಹಾಕಬಾರದು ಅಂತೀರಿ. ಒಪ್ಪಿದೆ. ಆದರೆ ಪರದೇಶದ ಗಾಳಿ ಅಂದಿರಲ್ಲ, ಅಲ್ಲಿ ತಪ್ಪಿದಿರಿ.

ನಮ್ಮ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಮಹಿಳೆಗೆ ಪಾದ್ರಿಯಾಗಿ ದೀಕ್ಷೆ ಕೊಟ್ಟದ್ದು 1976ರಲ್ಲಿ. ಇಂಗ್ಲೆಂಡಿನ ಚರ್ಚಿನಲ್ಲಿ ಮೊದಲ ಮಹಿಳಾ ಪಾದ್ರಿಗಳು ಬಂದದ್ದು 1994ರಲ್ಲಿ, ಬ್ರಿಸ್ಟಲ್‌ನಲ್ಲಿ. ನಾವು ಹದಿನೆಂಟು ವರ್ಷ ಮುಂದಿದ್ದೆವು! ಆಂಧ್ರದ ನಂದ್ಯಾಲಕ್ಕೆ ಪುಷ್ಪ ಲಲಿತಾ ಬಿಷಪ್ ಆದದ್ದು 2013ರಲ್ಲಿ. ಇಂಗ್ಲೆಂಡಿನ ಚರ್ಚು ಮೊದಲ ಮಹಿಳಾ ಬಿಷಪರನ್ನು ಕಂಡದ್ದು 2015ರಲ್ಲಿ. ಆ ಚರ್ಚಿನ ಅತಿ ದೊಡ್ಡ ಪೀಠವಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಪದವಿಗೆ ಸಾರಾ ಮುಲಾಲಿ ಅವರ ಹೆಸರು ಹೊರಬಿದ್ದದ್ದು 2025ರ ಅಕ್ಟೋಬರಿನಲ್ಲಿ, ಮೊನ್ನೆ ಮೊನ್ನೆ. ಆಕೆ ಮೊದಲು ನರ್ಸ್ ಆಗಿದ್ದವರು. ಕ್ಯಾನ್ಸರ್ ರೋಗಿಗಳ ಹಾಸಿಗೆ ಪಕ್ಕ ನಿಂತು ಕೆಲಸ ಮಾಡಿದವರು. ನನಗಂತೂ ಅದಕ್ಕಿಂತ ದೊಡ್ಡ ಅರ್ಹತೆ ಕಾಣುವುದಿಲ್ಲ.

ಇನ್ನೂ ಹಿಂದಕ್ಕೆ ಹೋಗೋಣ. ಎರಡನೇ ಮಹಾಯುದ್ಧದಲ್ಲಿ ಜಪಾನ್ ಹಾಂಗ್‌ಕಾಂಗನ್ನು ಹಿಡಿದಿತ್ತು. ಪಕ್ಕದ ಮಕಾವ್ ತುಂಬ ನಿರಾಶ್ರಿತರು. ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭು ಭೋಜನ ಕೊಡಲು ಅಲ್ಲಿಗೆ ಪಾದ್ರಿಗಳು ಬರುವಂತಿಲ್ಲ. ಅಲ್ಲಿನ ಕ್ರೈಸ್ತ ಸಭೆಯನ್ನು ನೋಡಿಕೊಳ್ಳುತ್ತಿದ್ದವರು ಫ್ಲಾರೆನ್ಸ್ ಲಿ ಟಿಮ್ ಓಯ್ ಎಂಬ ಚೀನೀ ಮಹಿಳೆ. 1944ರ ಜನವರಿಯಲ್ಲಿ ಬಿಷಪ್ ರೊನಾಲ್ಡ್ ಹಾಲ್ ಆಕೆಗೆ ದೀಕ್ಷೆ ಕೊಟ್ಟೇಬಿಟ್ಟರು. ಇಂಗ್ಲೆಂಡಿನ ಚರ್ಚಿನಿಂದ ಹುಟ್ಟಿ ಬೇರೆ ಬೇರೆ ದೇಶಗಳಿಗೆ ಹರಡಿದ ಆಂಗ್ಲಿಕನ್ ಚರ್ಚುಗಳಲ್ಲೆಲ್ಲ ಮೊದಲ ಮಹಿಳಾ ಪಾದ್ರಿ ಈಕೆ. ಯುದ್ಧ ಮುಗಿಯಿತು, ತಕರಾರು ಶುರುವಾಯಿತು. ಬಿಷಪರಿಗೆ ತೊಂದರೆ ಆಗದಿರಲಿ ಅಂತ 1946ರಲ್ಲಿ ಆಕೆ ಪಾದ್ರಿಯ ಕೆಲಸದಿಂದ ಹಿಂದೆ ಸರಿದರು. ದೀಕ್ಷೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಗಂಡಾಂತರದಲ್ಲಿ ಆಕೆಯ ಕೈಯಿಂದ ರೊಟ್ಟಿ ತೆಗೆದುಕೊಳ್ಳಬಹುದಿತ್ತು, ನೆಮ್ಮದಿ ಬಂದ ಮೇಲೆ ಆಗಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನು ಸಲಿಂಗಿಗಳ ವಿಷಯ. ಇಂಗ್ಲೆಂಡಿನಲ್ಲಿ 2023ರ ಡಿಸೆಂಬರಿನಿಂದ ಮಾಮೂಲಿ ಆರಾಧನೆಯ ನಡುವೆ ಅಂಥ ಜೋಡಿಗಳಿಗಾಗಿ ಪ್ರಾರ್ಥನೆ ಮಾಡಬಹುದು, ಅಷ್ಟೇ. ಚರ್ಚಿನಲ್ಲಿ ಮದುವೆ ಇವತ್ತಿಗೂ ಇಲ್ಲ. ಇಷ್ಟಕ್ಕೇ ನಿಮಗೆ ಸಿಟ್ಟು ಬಂದಿದೆ.

ನನ್ನ ಗೆಳೆಯನ ತಮ್ಮನೊಬ್ಬನಿದ್ದಾನೆ. ಹೆಸರು ಬೇಡ, ಊರೂ ಬೇಡ. ಹನ್ನೊಂದು ವರ್ಷ ತನ್ನ ಸಭೆಯಲ್ಲಿ ಹಾರ್ಮೋನಿಯಂ ನುಡಿಸಿದ. ಎಡಗೈಯಲ್ಲಿ ತಿದಿ ಒತ್ತುತ್ತಾ ಮುಂದಿನ ಸಾಲಿನ ಅಜ್ಜಿಯರನ್ನೇ ನೋಡುತ್ತಿರುತ್ತಿದ್ದ. ಅವರ ದನಿ ಏರದಿದ್ದರೆ ಮುಂದಿನ ಚರಣಕ್ಕೆ ಶ್ರುತಿ ಒಂದು ಮನೆ ಇಳಿಸುತ್ತಿದ್ದ. ಅವನು ಗೇ ಅಂತ ಗೊತ್ತಾದ ವಾರವೇ "ಇನ್ನು ನೀನು ಬರಬೇಡಪ್ಪ" ಅಂದರು. ಆ ಕ್ರಿಸ್ಮಸ್‌ಗೆ ನಾನೂ ಹೋಗಿದ್ದೆ. ಹಾಡನ್ನು ಸ್ಪೀಕರಿನಲ್ಲಿ ಹಾಕಿದ್ದರು. ಅಜ್ಜಿಯರು ಎರಡನೇ ಚರಣಕ್ಕೇ ಹಾಡುವುದನ್ನು ನಿಲ್ಲಿಸಿದರು.

ನೀವು ಬೈಬಲ್ ಬಲ್ಲವರು. ಅಪೊಸ್ತಲರ ಕೃತ್ಯಗಳು, 8ನೇ ಅಧ್ಯಾಯ ತೆಗೆಯಿರಿ. ಗಾಜಾದ ದಾರಿಯಲ್ಲಿ ಐಥಿಯೋಪ್ಯದ ಕಂಚುಕಿ, ಅಂದರೆ ಬೀಜ ಒಡೆಸಿಕೊಂಡ ಅರಮನೆಯ ಅಧಿಕಾರಿ, ರಥದಲ್ಲಿ ಕೂತು ಪ್ರವಾದಿ ಯೆಶಾಯನ ಗ್ರಂಥ ಓದುತ್ತಿದ್ದಾನೆ. ಅಂಥವನು ದೇವರ ಸಭೆಗೆ ಸೇರಬಾರದು ಅಂತ ಧರ್ಮೋಪದೇಶಕಾಂಡದಲ್ಲಿ ಬರೆದಿದೆ. ನೀರು ಕಂಡಾಗ ಅವನು ಕೇಳುವುದು ಒಂದೇ ಮಾತು, ನನ್ನ ದೀಕ್ಷಾಸ್ನಾನಕ್ಕೆ ಅಡ್ಡಿ ಏನು ಅಂತ. ಪಕ್ಕದಲ್ಲಿ ಕೂತು ಅರ್ಥ ಹೇಳುತ್ತಿದ್ದ ಯೇಸುವಿನ ಪ್ರಚಾರಕ ಫಿಲಿಪ್ಪ ಯಾರ ಅಪ್ಪಣೆಗೂ ಕಾಯಲಿಲ್ಲ. ಇಬ್ಬರೂ ನೀರಿಗಿಳಿದರು. ನೀವು ಹೇಳುವ ಎರಡು ಸಾವಿರ ವರ್ಷದಲ್ಲಿ ಇದೂ ಇದೆ, ಅಲ್ವಾ?

ಚರ್ಚನ್ನಷ್ಟೇ ಯಾಕೆ ದೂರಲಿ? ನಮ್ಮ ಕನ್ನಡ ಸಾಹಿತ್ಯ ಸಮ್ಮೇಳನವನ್ನೇ ನೋಡಿ. 1915ರಲ್ಲಿ ಶುರುವಾದದ್ದು. ಮೊದಲ ಮಹಿಳಾ ಅಧ್ಯಕ್ಷೆ ಜಯದೇವಿತಾಯಿ ಲಿಗಾಡೆ, 1974ರಲ್ಲಿ. 2024ರ ಮಂಡ್ಯ ಸಮ್ಮೇಳನದವರೆಗೆ ಒಟ್ಟು 87 ನಡೆದವು. ಅಧ್ಯಕ್ಷರಾದ ಹೆಂಗಸರು 4 ಜನ. ಸಭೆ, ಸಂಘ, ಸೊಸೈಟಿ ಯಾವುದೇ ಇರಲಿ, ರಂಗೋಲಿಗೆ, ಅಡುಗೆಗೆ, ಸ್ವಾಗತಗೀತೆಗೆ ಅವರೇ ಬೇಕು. ಕುರ್ಚಿ ಹಾಕುವಾಗ ನೆನಪಾಗುವುದಿಲ್ಲ.

ನಿಮ್ಮ ತಾಯಿ ಪದವಿ ಕೇಳಲಿಲ್ಲ ಅಂದಿರಿ. ಕೇಳಿದ್ದರೆ ಯಾರಾದರೂ ಕೊಡುತ್ತಿದ್ದರೇ? ಮೂವತ್ತು ವರ್ಷ ಅಂದರೆ ಎಷ್ಟು ಮಕ್ಕಳು, ಎಷ್ಟು ಭಾನುವಾರ! ಆ ಶಾಲೆ ಎಲ್ಲಿ ನಡೆಯುತ್ತಿತ್ತು, ಮಕ್ಕಳಿಗೆ ಯಾವ ಕಥೆ ಹೇಳುತ್ತಿದ್ದರು, ಎಲ್ಲ ಬರೆದು ಕಳಿಸಿ. ಅವರ ಫೋಟೊ ಇದ್ದರೆ ಅದನ್ನೂ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ತೆಗೆದಿಟ್ಟಿದ್ದೇನೆ.

— ಸಂಪಾದಕ