ಪೀಪಾಯಿಗೆ ಬಿದ್ದ ಚಿಲ್ಲರೆ: ಹಿರೋಷಿಮಾ ಕಾರ್ಪ್ ತಂಡದ ಕಥೆ

ಪತ್ರ: ಕಳೆದ ಸಂಚಿಕೆಯ ಹಿರೋಷಿಮಾ ಲೇಖನದಲ್ಲಿ, ಊರಿನ ಬೇಸ್‌ಬಾಲ್ ತಂಡವನ್ನು ಜನ ಪೀಪಾಯಿಗೆ ಚಿಲ್ಲರೆ ಹಾಕಿ ಉಳಿಸಿಕೊಂಡರು ಅಂತ ಒಂದು ಸಾಲು ಓದಿದೆ. ನಂಬೋದು ಹೇಗೆ ಸ್ವಾಮಿ? ಬಾಂಬು ಬಿದ್ದು ಆಗಿನ್ನೂ ಆರು ವರ್ಷವೂ ಆಗಿರಲಿಲ್ಲ. ಹೊಟ್ಟೆಗೇ ಕಷ್ಟ ಇದ್ದವರು ಆಟಕ್ಕೆ ದುಡ್ಡು ಕೊಡುತ್ತಾರಾ? ಕೊಟ್ಟರೂ, ಇಂಥ ತಂಡಗಳೆಲ್ಲ ಕೊನೆಗೆ ಕಂಪನಿಗಳ ಸ್ವತ್ತು ಅಲ್ವಾ? ನಮ್ಮ ಆರ್‌ಸಿಬಿಯನ್ನೇ ನೋಡಿ. ಆ ತಂಡದ ಕಥೆಯನ್ನು ಪೂರ್ತಿ ಬರೆಯಿರಿ.
– ನಿವೃತ್ತ ಶಿಕ್ಷಕರು, ತಿಪಟೂರು

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ಪೀಪಾಯಿಯ ಕಥೆ ನಿಜ. 1951ರಲ್ಲಿ ಹಿರೋಷಿಮಾದ ಮೈದಾನದ ಬಾಗಿಲಲ್ಲಿ ಮರದ ಪೀಪಾಯಿ ಇಟ್ಟಿದ್ದರು. ಅಕ್ಕಿಯಿಂದ ಮಾಡುವ ಸಾಕೆ ಎಂಬ ಮದ್ಯವನ್ನು ತುಂಬಿಡುವ ಪೀಪಾಯಿ ಅದು. ಪಂದ್ಯಕ್ಕೆ ಬಂದವರು ಟಿಕೆಟ್ ದುಡ್ಡು ಕೊಟ್ಟ ಮೇಲೂ ಕೈಲಿದ್ದಷ್ಟನ್ನು ಅದಕ್ಕೆ ಹಾಕಿ ಒಳಗೆ ಹೋಗುತ್ತಿದ್ದರು. ಆದರೆ ಆ ಪೀಪಾಯಿಯೊಂದೇ ತಂಡವನ್ನು ಉಳಿಸಿತು ಅಂದರೆ ಅರ್ಧ ಕಥೆ ಹೇಳಿದ ಹಾಗೆ. ಇನ್ನರ್ಧವನ್ನೂ ಕೇಳಿ.

1945ರ ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಬಾಂಬು ಬಿತ್ತು. ಆ ವರ್ಷ ಮುಗಿಯುವ ಹೊತ್ತಿಗೆ ಸುಮಾರು 1,40,000 ಜನ ತೀರಿಕೊಂಡಿದ್ದರು. ನಾಲ್ಕು ವರ್ಷದ ನಂತರ ಜಪಾನಿನ ಬೇಸ್‌ಬಾಲ್ ಲೀಗ್ ಎರಡಾಗಿ ಒಡೆದು ಹೊಸ ತಂಡಗಳಿಗೆ ಜಾಗ ಸಿಕ್ಕಿತು. ಹಿರೋಷಿಮಾದವರು ನಮಗೂ ಒಂದು ತಂಡ ಬೇಕು ಅಂದರು. ಊರಿನ ಕೋಟೆಗೆ ಕಾರ್ಪ್ ಮೀನಿನ ಹೆಸರಿತ್ತು, ಅದೇ ತಂಡದ ಹೆಸರಾಯಿತು. 1950ರಿಂದ ಆಟ ಶುರು.

ಬೇರೆ ತಂಡಗಳ ಹಿಂದೆ ಪತ್ರಿಕೆಗಳು, ರೈಲು ಕಂಪನಿಗಳು, ಸಿನಿಮಾ ಕಂಪನಿಗಳು ಇದ್ದವು. ಟೋಕಿಯೋದ ಜೈಂಟ್ಸ್ ತಂಡದ ಬೆನ್ನಿಗೆ ಯೊಮಿಯುರಿ ಪತ್ರಿಕೆ, ಟೈಗರ್ಸ್ ಬೆನ್ನಿಗೆ ಹಾನ್ಶಿನ್ ರೈಲ್ವೆ. ಕಾರ್ಪ್‌ಗೆ ಅಂಥ ದೊಡ್ಡ ಯಜಮಾನ ಯಾರೂ ಇರಲಿಲ್ಲ. ಪ್ರಾಂತ್ಯದ ಸರ್ಕಾರ, ಸುತ್ತಲಿನ ಊರುಗಳು ಸೇರಿ ಬಂಡವಾಳ ಹಾಕುವುದು ಅಂತ ಲೆಕ್ಕ ಇತ್ತು. ದುಡ್ಡು ಅಂದುಕೊಂಡ ಹಾಗೆ ಬರಲಿಲ್ಲ. ಮೊದಲ ವರ್ಷ 41 ಗೆಲುವು, 96 ಸೋಲು, ಲೀಗಿನಲ್ಲಿ ಕೊನೆಯ ಸ್ಥಾನ. ಆಟಗಾರರ ಸಂಬಳ ಬಾಕಿ ಬೀಳತೊಡಗಿತು.

1951ರ ಮಾರ್ಚ್‌ನಲ್ಲಿ ತಂಡವನ್ನು ಮುಚ್ಚುವ, ಇಲ್ಲವೇ ತೈಯೊ ಎಂಬ ಇನ್ನೊಂದು ತಂಡದ ಜೊತೆ ಸೇರಿಸಿಬಿಡುವ ಮಾತು ಬಂತು. ಅಡ್ಡ ನಿಂತವರು ತಂಡದ ಮ್ಯಾನೇಜರ್ ಇಶಿಮೊತೊ ಶೂಯಿಚಿ. ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಅಂದರೆ ಕಚೇರಿ ನೋಡಿಕೊಳ್ಳುವವರಲ್ಲ, ನಮ್ಮ ಕ್ರಿಕೆಟ್ ಕೋಚ್ ಇದ್ದ ಹಾಗೆ. ಯಾರು ಆಡಬೇಕು, ಯಾರು ಕೂರಬೇಕು ಅಂತ ತೀರ್ಮಾನಿಸುವವರು. ಇಶಿಮೊತೊ ಅದೇ ಊರಿನವರು. ಯುದ್ಧಕ್ಕೆ ಮುಂಚೆ ಹಿರೋಷಿಮಾದ ವಾಣಿಜ್ಯ ಶಾಲೆಯ ಹುಡುಗರನ್ನು ತಯಾರು ಮಾಡಿ ಅಖಿಲ ಜಪಾನ್ ಶಾಲಾ ಪಂದ್ಯಾವಳಿ ಗೆಲ್ಲಿಸಿದ್ದರು. ಅಂಥವರು ಈಗ ಆಟದ ಯೋಜನೆಯ ಜೊತೆಗೆ ಚಂದಾ ಎತ್ತುವ ಕೆಲಸಕ್ಕೂ ಇಳಿದರು. ಊರೂರಿಗೆ ಹೋಗಿ ಭಾಷಣ ಮಾಡಿದರು. ಕಾರ್ಖಾನೆಗಳಲ್ಲಿ, ಬೀದಿಗಳಲ್ಲಿ ಬೆಂಬಲಿಗರ ಸಂಘ ಕಟ್ಟಿಸಿದರು. ಸಂಘದವರು ತಿಂಗಳು ತಿಂಗಳು ಇಷ್ಟಿಷ್ಟು ಅಂತ ಕೊಡುತ್ತಿದ್ದರು. ಪೀಪಾಯಿ ಎಲ್ಲರ ಕಣ್ಣಿಗೆ ಬಿತ್ತು. ತಂಡಕ್ಕೆ ಉಸಿರು ಕೊಟ್ಟಿದ್ದು ಪೀಪಾಯಿ ಮತ್ತು ಈ ಸಂಘಗಳು, ಎರಡೂ ಸೇರಿ.

ಹೊಟ್ಟೆಗೇ ಕಷ್ಟ ಇದ್ದವರು ಯಾಕೆ ಕೊಟ್ಟರು ಅಂತ ಕೇಳಿದ್ದೀರಿ. ನನಗೆ ಕಾಣುವ ಉತ್ತರ ಇದು. ಬೇಸ್‌ಬಾಲ್ ಅವರಿಗೆ ಹೊಸದಾಗಿ ಬಂದ ಮೋಜು ಆಗಿರಲಿಲ್ಲ. ಬಾಂಬು ಬೀಳುವುದಕ್ಕೆ ಎಷ್ಟೋ ಮುಂಚೆ ಆ ಊರಿನ ಶಾಲೆಗಳು ದೇಶಕ್ಕೇ ಮೊದಲು ಬಂದಿದ್ದವು. ಅಪ್ಪ ಆಡಿದ್ದ, ಅಣ್ಣ ಆಡಿದ್ದ ಆಟ ಅದು. ಬಾಂಬು ಬಿದ್ದ ಮೂರೇ ದಿನಕ್ಕೆ ಆ ಊರಿನವರು ಒಂದು ಚೂರು ಹಳಿಯ ಮೇಲೆ ಟ್ರಾಮ್ ಓಡಿಸಿದ್ದರು. ಊರಲ್ಲಿ ಏನೇನಿತ್ತೋ ಅದೆಲ್ಲ ಮತ್ತೆ ಬೇಕು ಅನ್ನುವ ಹಟ ಅದು. ಕಾರ್ಪ್‌ಗೆ ಕೊಟ್ಟ ದುಡ್ಡನ್ನೂ ನಾನು ಆ ಹಟದ ಲೆಕ್ಕಕ್ಕೇ ಸೇರಿಸುತ್ತೇನೆ.

ದುಡ್ಡು ಬಂತು ಅಂತ ಗೆಲುವು ಬರಲಿಲ್ಲ. 1952ರಲ್ಲಿ ಲೀಗಿನವರು ಒಂದು ಷರತ್ತು ಹಾಕಿದರು: ನೂರರಲ್ಲಿ ಮೂವತ್ತಕ್ಕಿಂತ ಕಡಿಮೆ ಗೆದ್ದ ತಂಡ ಇರುವುದಿಲ್ಲ. ಎಲ್ಲರ ಕಣ್ಣೂ ಕಾರ್ಪ್ ಮೇಲೆ. 37 ಗೆದ್ದು, 80 ಸೋತು, ಕೂದಲೆಳೆಯಲ್ಲಿ ಪಾರಾದರು. ಕೊನೆಯ ಸ್ಥಾನಕ್ಕೆ ಬಿದ್ದಿದ್ದು ಶೋಚಿಕು ಎಂಬ ತಂಡ, ಆಮೇಲೆ ಅದೇ ತೈಯೊ ಜೊತೆ ಸೇರಿಹೋಯಿತು. ಆ ವರ್ಷಗಳಲ್ಲಿ ತಂಡವನ್ನು ಹೊತ್ತವರು ಹಾಸೆಗಾವಾ ರ್ಯೊಹೆಯ್ ಎಂಬ ಪಿಚರ್, ಅಂದರೆ ಚೆಂಡು ಎಸೆಯುವವರು. ಸಣ್ಣ ಆಳು. ಮೊದಲ ವರ್ಷದ 41 ಗೆಲುವಿನಲ್ಲಿ 15 ಅವರವೇ. ಸೋಲುವ ತಂಡದಲ್ಲೇ ಇದ್ದುಕೊಂಡು ಒಟ್ಟು 197 ಪಂದ್ಯ ಗೆದ್ದರು.

1957ರ ಜುಲೈಯಲ್ಲಿ ಹೊಸ ಕ್ರೀಡಾಂಗಣ ಬಂತು. ಊರಿನ ಕಂಪನಿಗಳು ಅದಕ್ಕೆ ದುಡ್ಡು ಕೊಟ್ಟವು. ಜಾಗ ಯಾವುದು ಗೊತ್ತೇ? ಬಾಂಬಿಗೆ ಸುಟ್ಟು ಅಸ್ಥಿಪಂಜರದಂತೆ ನಿಂತಿರುವ ಆ ಗುಮ್ಮಟದ ಕಟ್ಟಡದ ಎದುರಿಗೇ, ರಸ್ತೆಯ ಆಚೆ. ಐವತ್ತು ವರ್ಷಕ್ಕೂ ಜಾಸ್ತಿ ಅಲ್ಲೇ ಆಡಿದರು.

ಈಗ ನಿಮ್ಮ ಕಂಪನಿಯ ಪ್ರಶ್ನೆಗೆ ಬರುತ್ತೇನೆ. 1968ರಲ್ಲಿ ತೋಯೊ ಕೊಗ್ಯೊ ಎಂಬ ಊರಿನದೇ ಕಾರು ಕಂಪನಿ ತಂಡದ ಹೊಣೆ ಹೊತ್ತಿತು. ಇವತ್ತು ಅದನ್ನು ನಾವು ಮಾಜ್ದಾ ಅನ್ನುತ್ತೇವೆ. ಇಂದಿಗೂ ಷೇರುಗಳಲ್ಲಿ ಹೆಚ್ಚಿನ ಪಾಲು ಆ ಕಂಪನಿಯನ್ನು ಬೆಳೆಸಿದ ಮಾತ್ಸುದಾ ಮನೆತನದ್ದು ಮತ್ತು ಮಾಜ್ದಾದ್ದು. ಹಾಗಾಗಿ ಕಾಗದದ ಮೇಲೆ ನೋಡಿದರೆ ನಿಮ್ಮ ಮಾತು ಸರಿ, ಇದು ಜನರ ಸ್ವತ್ತಲ್ಲ. ಆದರೆ ಒಂದು ವ್ಯತ್ಯಾಸ ಇದೆ. ಬೇರೆ ತಂಡಗಳ ನಷ್ಟವನ್ನು ಮೇಲಿನ ಕಂಪನಿ ತುಂಬಿಕೊಡುತ್ತದೆ, ಜಾಹೀರಾತಿನ ಖರ್ಚು ಅಂತ ಬರೆದುಕೊಳ್ಳುತ್ತದೆ. ಕಾರ್ಪ್ ಟಿಕೆಟ್ ಮಾರಿ, ಟೋಪಿ ಅಂಗಿ ಮಾರಿ ತನ್ನ ಖರ್ಚು ತಾನೇ ನೋಡಿಕೊಳ್ಳಬೇಕು. ದುಬಾರಿ ಆಟಗಾರರನ್ನು ಕೊಳ್ಳುವುದು ಆಗದ ಮಾತು. ಅದಕ್ಕೇ ಹುಡುಗರನ್ನು ಹಿಡಿದು ಬೆಳೆಸುತ್ತಾರೆ. 1990ರಲ್ಲಿ ದೂರದ ಡೊಮಿನಿಕನ್ ರಿಪಬ್ಲಿಕ್‌ನಲ್ಲೂ ಒಂದು ತರಬೇತಿ ಶಾಲೆ ತೆರೆದರು. ಆಮೇಲೆ ಅಮೆರಿಕದಲ್ಲಿ ದೊಡ್ಡ ಹೆಸರು ಮಾಡಿದ ಅಲ್ಫಾನ್ಸೊ ಸೊರಿಯಾನೊ ಅಲ್ಲಿಂದ ಬಂದವರೇ. ಬೆಳೆದ ಮೇಲೆ ಹಣವಂತ ತಂಡಗಳು ಆಟಗಾರರನ್ನು ಕರೆದುಕೊಂಡು ಹೋಗುತ್ತವೆ. ಊರಿನವರಿಗೆ ಇದು ಹಳೆಯ ನೋವು.

ಮೊದಲ ಕಪ್ ಬಂದಿದ್ದು 1975ರಲ್ಲಿ, ಇಪ್ಪತ್ತೈದು ವರ್ಷ ಕಾದ ಮೇಲೆ. ಅದಕ್ಕೂ ಹಿಂದಿನ ಮೂರು ವರ್ಷ ಸತತವಾಗಿ ಕೊನೆಯ ಸ್ಥಾನ. ಅಮೆರಿಕದ ಜೋ ಲಟ್ಜ್ ಮ್ಯಾನೇಜರ್ ಆಗಿ ಬಂದು ಟೋಪಿಯನ್ನು ಕೆಂಪು ಮಾಡಿಸಿದರು. ಅಂಪೈರ್ ಜೊತೆಗಿನ ಜಗಳದಿಂದ ಅವರು ಶುರುವಿನಲ್ಲೇ ಬಿಟ್ಟು ಹೋದರು. ಟೋಪಿ ಉಳಿಯಿತು. ಕೋಬಾ ತಾಕೆಶಿ ಮುಂದುವರಿಸಿದರು. ಅಕ್ಟೋಬರ್ 15ರಂದು ಟೋಕಿಯೋದಲ್ಲೇ, ಜೈಂಟ್ಸ್ ತಂಡವನ್ನೇ ಸೋಲಿಸಿ ಲೀಗ್ ಗೆದ್ದರು. ಜೈಂಟ್ಸ್ ಆ ವರ್ಷ ತಮ್ಮ ಇತಿಹಾಸದಲ್ಲೇ ಮೊದಲ ಸಲ ಕೊನೆಯ ಸ್ಥಾನಕ್ಕೆ ಇಳಿದಿತ್ತು.

ಆ ತಂಡದ ಕಿನುಗಾಸಾ ಸಾಚಿಯೊ ಬಗ್ಗೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಅವರ ತಂದೆ ಕಪ್ಪು ಜನಾಂಗದ ಅಮೆರಿಕನ್ ಸೈನಿಕ. ಅಮೆರಿಕದ ಬಾಂಬಿಗೆ ಉರಿದ ಊರು ಆ ಹುಡುಗನನ್ನು ತಲೆಯ ಮೇಲೆ ಹೊತ್ತು ಮೆರೆಸಿತು. 1979ರ ಆಗಸ್ಟ್ 1ರಂದು ಜೈಂಟ್ಸ್ ಪಿಚರ್ ಎಸೆದ ಚೆಂಡು ಬಡಿದು ಅವರ ಹೆಗಲ ಹಿಂದಿನ ಮೂಳೆ ಮುರಿಯಿತು. ಸತತವಾಗಿ ಆಡಿಕೊಂಡು ಬಂದ ದಾಖಲೆ ಅಲ್ಲಿಗೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ಮರುದಿನ ಅವರು ಬ್ಯಾಟ್ ಹಿಡಿದು ಬಂದರು. ಮೂರು ಚೆಂಡು, ಮೂರು ಸಲ ಮೈಯೆಲ್ಲ ತಿರುಗಿಸಿ ಬೀಸಿದರು. ಮೂರೂ ತಗುಲಲಿಲ್ಲ, ಔಟ್. ಆಮೇಲೆ ಅವರೇ ಹೇಳಿದ್ದು: ಮೊದಲನೆಯದು ಅಭಿಮಾನಿಗಳಿಗಾಗಿ, ಎರಡನೆಯದು ನನಗಾಗಿ, ಮೂರನೆಯದು ನನಗೆ ಚೆಂಡು ಬಡಿಸಿದ ಆ ಪಿಚರ್‌ಗಾಗಿ. ನನಗೇನೂ ಆಗಿಲ್ಲ, ನೀನು ಕೊರಗಬೇಡ ಅಂತ ಅವನಿಗೆ ತಿಳಿಸಬೇಕಿತ್ತು. ಹೀಗೆ ಒಂದೂ ಬಿಡದೆ 2,215 ಪಂದ್ಯ ಆಡಿ 1987ರಲ್ಲಿ ನಿವೃತ್ತರಾದರು. ಆಗ ಅದು ವಿಶ್ವದಾಖಲೆ.

ಅದೇ 1979ರಲ್ಲಿ ಕಾರ್ಪ್ ಮೊದಲ ಸಲ ಜಪಾನ್ ಸೀರೀಸ್, ಅಂದರೆ ಎರಡು ಲೀಗುಗಳ ಚಾಂಪಿಯನ್ನರ ನಡುವಿನ ಫೈನಲ್, ಗೆದ್ದಿತು. 1980ರಲ್ಲಿ ಮತ್ತೆ, 1984ರಲ್ಲಿ ಇನ್ನೊಮ್ಮೆ. 1986, 1991ರಲ್ಲಿ ಲೀಗ್ ಕಪ್ ಬಂತು. ಆಮೇಲೆ ಸುದೀರ್ಘ ಬರಗಾಲ.

ನಡುವೆ ಹೊಸ ಕ್ರೀಡಾಂಗಣದ ಮಾತು ಬಂದಾಗ ಊರಲ್ಲಿ ಮತ್ತೆ ಪೀಪಾಯಿ ಇಟ್ಟರು, ಜನ ಮತ್ತೆ ಕೊಟ್ಟರು. ರೈಲು ನಿಲ್ದಾಣದ ಹತ್ತಿರದ ಆ ಕ್ರೀಡಾಂಗಣದಲ್ಲಿ 2009ರಿಂದ ಆಡುತ್ತಿದ್ದಾರೆ. 2015ರಲ್ಲಿ ಕುರೊಡಾ ಹಿರೊಕಿ ವಾಪಸ್ ಬಂದರು. ಇವರು ಅಮೆರಿಕಕ್ಕೆ ಹೋಗಿ ಡಾಡ್ಜರ್ಸ್, ಯಾಂಕೀಸ್ ತಂಡಗಳಲ್ಲಿ ಏಳು ವರ್ಷ ಆಡಿದವರು. ಅಲ್ಲಿ ಇನ್ನೂ ಕೇಳಿದಷ್ಟು ದುಡ್ಡು ಕೊಡುವವರಿದ್ದರು. ಅದರ ಒಂದು ಸಣ್ಣ ಪಾಲಿಗೆ ಒಪ್ಪಿ ಹಳೆಯ ತಂಡಕ್ಕೆ ಬಂದರು. ಮರುವರ್ಷ, 2016ರಲ್ಲಿ, ಇಪ್ಪತ್ತೈದು ವರ್ಷದ ನಂತರ ಕಾರ್ಪ್ ಲೀಗ್ ಗೆದ್ದಿತು. 2017, 2018ರಲ್ಲೂ ಗೆದ್ದಿತು.

ಆರ್‌ಸಿಬಿಯ ಮಾತು ಎತ್ತಿದ್ದೀರಿ. ಅದು 2008ರ ಹರಾಜಿನಲ್ಲಿ ಹುಟ್ಟಿದ ತಂಡ. ಮೊದಲು ಮಾಲೀಕರು ಬಂದರು, ಆಮೇಲೆ ಅಭಿಮಾನಿಗಳು. ಹಿರೋಷಿಮಾದಲ್ಲಿ ಜನ ಮೊದಲು ಬಂದರು, ದೊಡ್ಡ ಷೇರುದಾರರು ಆಮೇಲೆ. ಆದರೂ ಹದಿನೇಳು ಸೀಸನ್ ಕಪ್ ಇಲ್ಲದೆ ಕಾದ ನಮ್ಮ ಹುಡುಗರ ಪ್ರೀತಿಯನ್ನು ಸುಮ್ನೆ ಕಂಪನಿಯ ಜಾಹೀರಾತು ಅಂತ ತಳ್ಳಿಹಾಕಲು ನಾನು ತಯಾರಿಲ್ಲ.

ಅಂದ ಹಾಗೆ, ಕಾರ್ಪ್ 2016 ಮತ್ತು 2018ರ ಜಪಾನ್ ಸೀರೀಸ್ ಎರಡನ್ನೂ ಸೋತಿತು. 1984ರ ನಂತರ ಆ ಕಪ್ ಆ ಊರಿಗೆ ಬಂದಿಲ್ಲ.