ಸ್ಪೋರ್ಟ್ಸ್ ಕಾರಿನ ಮುಂದಿನ ಸಸ್ಪೆನ್ಷನ್‌ಗೆ ಯಾವ ಬಾಲ್ ಜಾಯಿಂಟ್ ಹಾಕಿಸಬೇಕು?

ಬಾಲ್ ಜಾಯಿಂಟ್ ಅಂದ್ರೆ ಸಸ್ಪೆನ್ಷನ್ನಿನ ಆರ್ಮನ್ನು (ಚಕ್ರವನ್ನು ಹಿಡಿದಿಡುವ ತೋಳು) ಚಕ್ರದ ಕಡೆಗೆ ಜೋಡಿಸುವ ಗುಂಡು ಕೀಲು. ಕಾರಿನ ಎತ್ತರ ಬದಲಾಗಿಲ್ಲ ಅಂದ್ರೆ ಕಂಪನಿ ದರ್ಜೆಯದೇ ಸಾಕು. ಸ್ಪ್ರಿಂಗ್ ಬದಲಿಸಿ ತಗ್ಗಿಸಿದ್ದರೆ ಮಾತು ಬೇರೆ. ಆಗ ಕೆಳಗಿನ ಆರ್ಮ್ ಚಕ್ರದ ಕಡೆ ಮೇಲೆದ್ದು ನಿಲ್ಲುತ್ತದೆ, ರೋಲ್ ಸೆಂಟರ್ (ಕಾರು ಪಕ್ಕಕ್ಕೆ ವಾಲುವ ಕೇಂದ್ರಬಿಂದು) ಕೆಳಗಿಳಿಯುತ್ತದೆ, ತಿರುವಿನಲ್ಲಿ ಕಾರು ಜಾಸ್ತಿ ವಾಲುತ್ತದೆ. ಉದ್ದ ಪಿನ್ನಿನ ಬಾಲ್ ಜಾಯಿಂಟ್ ಆರ್ಮಿನ ಕೋನವನ್ನು ಸರಿಪಡಿಸುತ್ತದೆ. ಜೊತೆಗೆ ಟೈ ರಾಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು) ತುದಿಯನ್ನೂ ಹೊಂದಿಸಲೇಬೇಕು. ಇಲ್ಲದಿದ್ದರೆ ಉಬ್ಬುತಗ್ಗು ಸಿಕ್ಕಾಗ ಚಕ್ರ ತಾನಾಗೇ ತಿರುಗಿ ಸ್ಟೀರಿಂಗ್ ಎಳೆಯುತ್ತದೆ.

ಯಾವುದೇ ಕೊಂಡರೂ ಪಿನ್ನಿನ ಟೇಪರ್ (ತುದಿಯತ್ತ ಕಿರಿದಾಗುವ ಭಾಗ) ಸ್ಟೀರಿಂಗ್ ನಕಲ್‌ನ (ಚಕ್ರ ಕೂರುವ ಲೋಹದ ಭಾಗ) ರಂಧ್ರಕ್ಕೆ ಪೂರ್ತಿ ಕಚ್ಚಿ ಕೂರಬೇಕು. ಮಾರ್ಕರ್‌ನಿಂದ ಪಿನ್ನಿಗೆ ಬಣ್ಣ ಹಚ್ಚಿ ಕೂರಿಸಿ ತೆಗೆಯಿರಿ. ಬಣ್ಣ ಒಂದು ಅಂಚಿನಲ್ಲಿ ಮಾತ್ರ ಅಳಿಸಿದ್ದರೆ ಆ ಜಾಯಿಂಟ್ ಬೇಡವೇ ಬೇಡ. ಪಿನ್ ಮುರಿದರೆ ಚಕ್ರವೇ ಮಡಚಿಕೊಳ್ಳುತ್ತದೆ, ಅಲ್ವಾ? ರಬ್ಬರ್ ಬೂಟ್ ಇಲ್ಲದ ರೇಸಿಂಗ್ ಜಾಯಿಂಟ್ ದಿನನಿತ್ಯದ ಓಡಾಟಕ್ಕೆ ಸಲ್ಲದು, ಧೂಳು ಸೇರಿ ಬೇಗ ಸವೆಯುತ್ತದೆ. ಹಾಕಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ.